ವಿಟಮಿನ್ ಡಿ ನುಂಗಿದರೆ ಕಬ್ಬಿಣಾಂಶ ಇಳಿಯುತ್ತದೆಯೇ?

ಪ್ರಶ್ನೆ: ಮೂರು ತಿಂಗಳಿಂದ ವಿಟಮಿನ್ ಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಬ್ಬಿಣದ ಮಾತ್ರೆಯೂ ಇದೆ. ಮರೆಯಬಾರದೆಂದು ಎರಡನ್ನೂ ಬೆಳಗಿನ ತಿಂಡಿಯ ಜೊತೆಗೇ ನುಂಗುತ್ತೇನೆ. ಆದರೂ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) 24ರಿಂದ 19ಕ್ಕೆ ಇಳಿದಿದೆ. ಡಿ ನಿಲ್ಲಿಸಲೇ?

ಉತ್ತರ: ನಿಲ್ಲಿಸುವ ಮೊದಲು ಡಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ, ಬೆಳಕಿಗೆ ಹಿಡಿದು ಓದಿ. ಸಣ್ಣ ಅಕ್ಷರ, ಅದರಲ್ಲೂ ಅರ್ಧದಷ್ಟು ಬರಹ, ಮಾತ್ರೆ ಒತ್ತಿ ತೆಗೆಯುವಾಗಲೇ ಹರಿದುಹೋಗಿರುತ್ತದೆ. ಉಳಿದಿದ್ದರಲ್ಲಿ ‘ಕ್ಯಾಲ್ಸಿಯಂ ಕಾರ್ಬೊನೇಟ್’ ಅಥವಾ ‘ಕ್ಯಾಲ್ಸಿಯಂ ಸಿಟ್ರೇಟ್’ ಕಾಣಿಸಿತೇ? ಹಾಗಿದ್ದರೆ ನಿಮ್ಮ ಅನುಮಾನ ತಪ್ಪಾದವರ ಮೇಲೆ ಬಿದ್ದಿದೆ. ‘ಡಿ ಮಾತ್ರೆ’ ಎಂದು ನಾವು ಕರೆಯುವ ಎಷ್ಟೋ ಮಾತ್ರೆಗಳಲ್ಲಿ ಡಿ ಇರುವುದು ಚಿಟಿಕೆಗಿಂತ ಕಡಿಮೆ, ಮೈಕ್ರೋಗ್ರಾಂ ಲೆಕ್ಕದಲ್ಲಿ. ಉಳಿದದ್ದು 500 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ. ಅದು ಕಬ್ಬಿಣದ ಜೊತೆಗೇ ಕರುಳಿಗೆ ಇಳಿದರೆ ಕಬ್ಬಿಣ ಹೀರಿಕೆಯಾಗುವುದು ಚೆನ್ನಾಗಿಯೇ ತಗ್ಗುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ.

ಬರೀ ಡಿ ಇರುವ ಮಾತ್ರೆಯಾದರೆ? ಅದಕ್ಕೂ ಕಬ್ಬಿಣಕ್ಕೂ ಕರುಳಿನಲ್ಲಿ ಜಗಳವಿಲ್ಲ. ಡಿ ಕೊಬ್ಬಿನಲ್ಲಿ ಕರಗಿ ಒಳಹೋಗುತ್ತದೆ, ಕಬ್ಬಿಣದ ದಾರಿಯೇ ಬೇರೆ. ಇನ್ನೂ ಹೇಳಬೇಕೆಂದರೆ, ಡಿ ಕಬ್ಬಿಣದ ಪಕ್ಷವನ್ನೇ ವಹಿಸುತ್ತದೆ.

ಅದು ಹೇಗೆಂದರೆ, ನಮ್ಮ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಇದನ್ನು ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಜಿಪುಣ ಯಜಮಾನ ಎನ್ನಬಹುದು. ಕರುಳಿನ ಜೀವಕೋಶದಿಂದ, ಹಳೆಯ ರಕ್ತಕಣಗಳನ್ನು ಅರಗಿಸಿಕೊಂಡ ಕೋಶಗಳಿಂದ ಕಬ್ಬಿಣ ರಕ್ತಕ್ಕೆ ಇಳಿಯಲು ಇರುವುದು ಫೆರೊಪೋರ್ಟಿನ್ ಎಂಬ ಒಂದೇ ಬಾಗಿಲು. ಹೆಪ್ಸಿಡಿನ್ ಹೆಚ್ಚಾದರೆ ಆ ಬಾಗಿಲು ಮುಚ್ಚುತ್ತದೆ. ಸೋಂಕು, ಉರಿಯೂತ ಇದ್ದಾಗ ಆಗುವುದು ಇದೇ: ಉಗ್ರಾಣ ತುಂಬಿದೆ, ರಕ್ತಕ್ಕೆ ಮಾತ್ರ ಬರ. ವಿಟಮಿನ್ ಡಿ ಈ ಹೆಪ್ಸಿಡಿನ್ ತಯಾರಿಯನ್ನು ತಗ್ಗಿಸುತ್ತದೆ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಆರೋಗ್ಯವಂತರಿಗೆ ಒಂದೇ ಸಲ 1,00,000 ಯೂನಿಟ್ ಡಿ ಕೊಟ್ಟಾಗ 24 ಗಂಟೆಯೊಳಗೆ ರಕ್ತದ ಹೆಪ್ಸಿಡಿನ್ 34% ಇಳಿಯಿತು. (ಮನೆಯಲ್ಲಿ ಇದನ್ನು ಪರೀಕ್ಷಿಸಲು ಹೋಗಬೇಡಿ. ವೈದ್ಯರು ಹೇಳದೆ ದಿನಕ್ಕೆ 4,000 ಯೂನಿಟ್ ದಾಟಬಾರದು. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು.)

ಇಷ್ಟು ಓದಿ, ಡಿ ನುಂಗಿದರೆ ರಕ್ತಹೀನತೆ ವಾಸಿ ಎಂದು ಹೊರಡುವವರೂ ಇದ್ದಾರೆ. ಅಷ್ಟು ಸುಲಭವಿಲ್ಲ. ಡಿ ಕೊಟ್ಟು ನಡೆಸಿದ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಹಿಮೋಗ್ಲೋಬಿನ್ ಹೇಳಿಕೊಳ್ಳುವಷ್ಟು ಏರಿಲ್ಲ. ಬಾಗಿಲು ತೆರೆದರೇನು, ಒಳಗೆ ಸಾಮಾನೇ ಇಲ್ಲದಿದ್ದರೆ? ಕಬ್ಬಿಣದ ಕೊರತೆಗೆ ಕಬ್ಬಿಣವೇ ಬೇಕು.

ಸಂಬಂಧ ಎದುರು ದಿಕ್ಕಿನಲ್ಲೂ ಇದೆ. ಯಕೃತ್ತು, ಮೂತ್ರಪಿಂಡಗಳಲ್ಲಿ ಡಿಯನ್ನು ಬಳಕೆಗೆ ಸಿದ್ಧಗೊಳಿಸುವ ಕಿಣ್ವಗಳ ನಡುಮಧ್ಯೆ ಕೂತಿರುವುದೂ ಕಬ್ಬಿಣವೇ.

ಇನ್ನು ನಿಮ್ಮ 24, 19. ಫೆರಿಟಿನ್ ಉರಿಯೂತಕ್ಕೂ ಏರುವ ಪ್ರೋಟೀನು. ಮೊದಲ ಪರೀಕ್ಷೆಯ ಹೊತ್ತಿಗೆ ನೆಗಡಿ, ಜ್ವರ ಏನಾದರೂ ಇದ್ದಿದ್ದರೆ ಆ 24 ಉಬ್ಬಿದ ಅಂಕಿ ಇರಬಹುದು. ಮುಂದಿನ ಸಲ ಅದೇ ಲ್ಯಾಬಿನಲ್ಲಿ, ಹುಷಾರಾಗಿರುವಾಗ ಕೊಡಿ. ಉರಿಯೂತ ಇದೆಯೇ ಎಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯನ್ನೂ ಜೊತೆಗೆ ಮಾಡಿಸಿ.

ಅಲ್ಲಿಯವರೆಗೆ ಕಬ್ಬಿಣವನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಿ. ಕಾಫಿ, ಟೀ ಒಂದು ಗಂಟೆ ತಡವಾಗಲಿ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಒಂದು ಮಾತ್ರೆ ನುಂಗಿದರೆ ಹೆಪ್ಸಿಡಿನ್ ಸುಮಾರು ಒಂದು ದಿನ ಏರಿಯೇ ಇರುವುದರಿಂದ ಬಿಡುವು ಕೊಟ್ಟರೆ ಹೀರಿಕೆಗೂ ಒಳ್ಳೆಯದೇ. ಡಿ ಮಾತ್ರೆ ಮಧ್ಯಾಹ್ನ ಅಥವಾ ರಾತ್ರಿಯ ಊಟದ ಜೊತೆಗಿರಲಿ.

ಇಷ್ಟಾದರೂ ಫೆರಿಟಿನ್ ಇಳಿಯುತ್ತಲೇ ಹೋದರೆ ಮಾತ್ರೆಗಳ ಲೆಕ್ಕ ಬದಿಗಿಡಿ. ರಕ್ತ ಎಲ್ಲೋ ಸೋರುತ್ತಿದೆಯೇ, ಅಂದರೆ ಮುಟ್ಟಿನಲ್ಲಿ ಅತಿಸ್ರಾವವೇ, ಹೊಟ್ಟೆಯ ಹುಣ್ಣೇ, ಮೂಲವ್ಯಾಧಿಯೇ ಎಂದು ವೈದ್ಯರ ಬಳಿ ತೋರಿಸಿಕೊಳ್ಳಬೇಕು.