ತಡವಾಗಿ ಪತ್ತೆಯಾದ ಸ್ತನ ಕ್ಯಾನ್ಸರ್: ಸಿಟ್ಟನ್ನು ನುಂಗಬೇಡಿ, ಚಿಕಿತ್ಸೆಯನ್ನು ಕಾಯಿಸಬೇಡಿ

"ಆಗಲೇ ಗೊತ್ತಾಗಿದ್ದರೆ?" ಸ್ತನ ಕ್ಯಾನ್ಸರ್ ತಡವಾಗಿ ಪತ್ತೆಯಾದವರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಕೆಲವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ. ಹೆಚ್ಚಿನವರು ಕೇಳುವುದಿಲ್ಲ. ಕಿಮೊ ಎಷ್ಟು ಸಲ, ಕೂದಲು ಉದುರುತ್ತಾ, ಕೆಲಸಕ್ಕೆ ಹೋಗಬಹುದಾ ಅಂತ ಎಲ್ಲ ಕೇಳಿ ಮುಗಿಸಿ, ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ, "ಡಾಕ್ಟ್ರೇ, ಹೋದ ವರ್ಷವೇ ಗೊತ್ತಾಗಿದ್ದರೆ..." ಎನ್ನುತ್ತಾರೆ. ಜೊತೆಗೆ ಬಂದವರು ಅಲ್ಲೇ ತಡೆಯುತ್ತಾರೆ: "ಆಗಿದ್ದು ಆಯ್ತು ಬಿಡು, ಈಗ ಅದೆಲ್ಲ ಯಾಕೆ?"

ಬಿಡಬೇಡಿ ಅಂತಲೇ ಕ್ಯಾನ್ಸರ್ ವೈದ್ಯೆಯಾಗಿ ನಾನು ಹೇಳುತ್ತೇನೆ. ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡು ಚಿಕಿತ್ಸೆ ಮುಗಿಸಿದವರು ಆಮೇಲೂ ಅದನ್ನೇ ಮೆಲುಕು ಹಾಕುತ್ತಾ ನಿದ್ದೆಗೆಡುವುದನ್ನು ನೋಡಿದ್ದೇನೆ. ಆದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ತಡವಾದದ್ದರಿಂದ ನನ್ನ ದೇಹಕ್ಕೆ ಏನಾಯಿತು? ತಡವಾಗಲು ಯಾರು ಕಾರಣ? ಮೊದಲನೆಯದಕ್ಕೆ ಈಗ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಉತ್ತರ ಕೊಡಬೇಕು, ಅದೂ ಶುರುವಿನಲ್ಲೇ. ಎರಡನೆಯದಕ್ಕೆ ಮೊದಲು ನೋಡಿದವರು ಉತ್ತರ ಕೊಡಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಎರಡನ್ನೂ ಒಂದೇ ಗಂಟು ಕಟ್ಟಿಕೊಂಡರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಕಣ್ತಪ್ಪುವುದು ಹೇಗೆ ಅಂತ ಮೊದಲು ನೋಡೋಣ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಒಳ್ಳೆಯ ಪರೀಕ್ಷೆ, ಆದರೆ ಎಲ್ಲವನ್ನೂ ಹಿಡಿಯುವುದಿಲ್ಲ. ಸುಮಾರು ಎಂಟು ಸ್ತನ ಕ್ಯಾನ್ಸರ್‌ಗಳಲ್ಲಿ ಒಂದು ಅದರ ಕಣ್ಣಿಗೆ ಬೀಳುವುದಿಲ್ಲ. ಕೆಲವರ ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರಿನ ಭಾಗ ಜಾಸ್ತಿ. ಇದಕ್ಕೆ ಡೆನ್ಸ್ ಬ್ರೆಸ್ಟ್ ಎನ್ನುತ್ತಾರೆ. ಚಿತ್ರದಲ್ಲಿ ಆ ಭಾಗವೂ ಬಿಳಿ, ಗಡ್ಡೆಯೂ ಬಿಳಿ. ಹಾಗಾಗಿ ಗಡ್ಡೆ ಅಡಗಿಬಿಡುತ್ತದೆ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ, ಸ್ತನ ಡೆನ್ಸ್ ಆಗಿದೆಯೋ ಇಲ್ಲವೋ ಎಂಬುದನ್ನು ಮ್ಯಾಮೊಗ್ರಾಂ ಮಾಡಿಸಿದ ಪ್ರತಿಯೊಬ್ಬರಿಗೂ ತಿಳಿಸಲೇಬೇಕು ಎಂಬ ನಿಯಮ ಬಂದಿದೆ. ಎಲ್ಲ ಕಡೆಯೂ ಹೀಗೆ ಆಗಬೇಕು ಎನ್ನುವುದು ನನ್ನ ಅಭಿಪ್ರಾಯ. ತನ್ನ ಪರೀಕ್ಷೆಯ ಮಿತಿ ಏನು ಅಂತ ತಿಳಿಯುವ ಹಕ್ಕು ಪರೀಕ್ಷೆ ಮಾಡಿಸಿಕೊಂಡವರಿಗೆ ಇದೆ, ಅಲ್ವಾ?

ಇನ್ನು ಕ್ಯಾನ್ಸರ್‌ನ ಸ್ವಭಾವವೇ ಮೋಸ ಮಾಡುವುದುಂಟು. ನೂರರಲ್ಲಿ 10ರಿಂದ 15 ಸ್ತನ ಕ್ಯಾನ್ಸರ್‌ಗಳು ಲೋಬ್ಯುಲರ್ ಎಂಬ ಬಗೆಯವು. ಇದರ ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ ಹರಡುತ್ತವೆ. ಎಷ್ಟೋ ಸಲ ಕೈಗೆ ಸಿಗುವ ಗಂಟೇ ಇರುವುದಿಲ್ಲ, ಸ್ತನದ ಒಂದು ಭಾಗ ಸ್ವಲ್ಪ ಗಟ್ಟಿಯಾದ ಹಾಗೆ ಅನಿಸುತ್ತದೆ ಅಷ್ಟೇ. ಉರಿಯೂತದ ಸ್ತನ ಕ್ಯಾನ್ಸರ್ ಎಂಬ ಅಪರೂಪದ ಬಗೆಯಲ್ಲಿ ಸ್ತನ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ನೋಡಿದವರು ಸೋಂಕು ಎಂದುಕೊಂಡು ಆ್ಯಂಟಿಬಯಾಟಿಕ್ ಕೊಡುತ್ತಾರೆ. ಹಾಗೆ ಕೊಡುವುದು ತಪ್ಪಲ್ಲ. ಒಂದೆರಡು ವಾರದಲ್ಲಿ ಕಡಿಮೆಯಾಗದಿದ್ದರೂ ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಮಾಡದೆ ಇನ್ನೊಂದು ಆ್ಯಂಟಿಬಯಾಟಿಕ್ ಬರೆಯುವುದು ತಪ್ಪು. ತೊಟ್ಟಿನ ಮೇಲೆ ಕಾಣಿಸುವ ಪ್ಯಾಜೆಟ್ ಎಂಬ ಬಗೆಯ ಕ್ಯಾನ್ಸರ್‌ಗೆ ಇಸುಬು ಎಂದುಕೊಂಡು ಮುಲಾಮು ಹಚ್ಚುತ್ತಾ ತಿಂಗಳುಗಟ್ಟಲೆ ಕಳೆದವರಿದ್ದಾರೆ. ಹಾಲುಣಿಸುವ ತಾಯಂದಿರ ಗಂಟನ್ನು "ಹಾಲು ಕಟ್ಟಿಕೊಂಡಿದೆ" ಅಂತ ಬಿಟ್ಟದ್ದಿದೆ. ಗಂಡಸರಂತೂ ತಮಗೂ ಇದು ಬರಬಹುದು ಅಂತ ಯೋಚಿಸುವುದೇ ಇಲ್ಲ.

ಇವೆಲ್ಲ ರೋಗದ ಕಷ್ಟಗಳು. ಇದಲ್ಲದೆ ನಿಜವಾದ ಲೋಪಗಳೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಒಂದು: ಕೈಗೆ ಗಂಟು ಸಿಗುತ್ತಿದೆ, ಮ್ಯಾಮೊಗ್ರಾಂ ನಾರ್ಮಲ್ ಬಂದಿದೆ, "ಏನೂ ಇಲ್ಲ, ಧೈರ್ಯವಾಗಿ ಹೋಗಿ" ಅಂತ ಕಳಿಸುವುದು. ಗಂಟಿಗೆ ಕಾರಣ ಗೊತ್ತಾಗುವವರೆಗೆ ತನಿಖೆ ಮುಗಿಯುವುದಿಲ್ಲ. ಕೈಯಿಂದ ಪರೀಕ್ಷೆ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಂ, ಬೇಕಿದ್ದರೆ ಸೂಜಿಯಿಂದ ತೆಗೆದ ತುಣುಕಿನ ಪರೀಕ್ಷೆ. ಈ ಮೂರೂ ಒಂದೇ ಮಾತು ಹೇಳಬೇಕು. ಒಂದು ಬೇರೆ ಹೇಳಿದರೆ ಮತ್ತೆ ನೋಡಬೇಕು. ಇದು ದೊಡ್ಡ ಯಂತ್ರಗಳ ವಿಷಯವಲ್ಲ, ಶಿಸ್ತಿನ ವಿಷಯ.

ಈಗ ಕಷ್ಟದ ಪ್ರಶ್ನೆ. ತಡವಾದದ್ದರಿಂದ ಏನಾಯಿತು?

ಸಮಾಧಾನಕ್ಕೆಂದು "ಏನೂ ವ್ಯತ್ಯಾಸವಾಗಿಲ್ಲ" ಎನ್ನುವುದು ನನಗೆ ಇಷ್ಟವಿಲ್ಲ. ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿತು. ಲಕ್ಷಣ ಕಂಡ ಮೇಲೆ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ತಡವಾದವರಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರು ಮಾಡಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮ, ವೈದ್ಯರ ಹತ್ತಿರ ಬಂದ 60 ದಿನದೊಳಗೆ ರೋಗ ಏನೆಂದು ಗೊತ್ತಾಗಬೇಕು ಎಂಬ ಗುರಿ ಇಟ್ಟುಕೊಂಡಿದೆ. ಸಮಯಕ್ಕೆ ಬೆಲೆ ಇದೆ ಅಂತಲೇ ಈ ಗುರಿ.

ಆದರೆ ಸಾವಿರಾರು ಜನರ ಸರಾಸರಿ ನಿಮ್ಮ ಕಥೆಯಲ್ಲ. ಒಂದು ಕೋಶ ಒಂದು ಸೆಂಟಿಮೀಟರ್ ಗಡ್ಡೆಯಾಗಲು ಸುಮಾರು 30 ಸಲ ಇಮ್ಮಡಿಯಾಗಬೇಕು. ಹೆಚ್ಚಿನ ಗಡ್ಡೆಗಳಿಗೆ ಇದು ವರ್ಷಗಳ ಕೆಲಸ. ಅಂದರೆ ಕಣ್ತಪ್ಪಿದ ತಿಂಗಳುಗಳು ರೋಗದ ಒಟ್ಟು ಆಯುಷ್ಯದಲ್ಲಿ ಒಂದು ಭಾಗ ಮಾತ್ರ. ಆ ಭಾಗದಲ್ಲಿ ಏನಾಯಿತು ಎನ್ನುವುದು ಗಡ್ಡೆಯ ಗುಣದ ಮೇಲೆ ನಿಂತಿದೆ. ಹಾರ್ಮೋನಿನಿಂದ ನಿಧಾನವಾಗಿ ಬೆಳೆಯುವ ಗಡ್ಡೆ ಒಂದು ವರ್ಷದಲ್ಲಿ ಅಷ್ಟೇನೂ ಬದಲಾಗದೆ ಇರಬಹುದು. ಟ್ರಿಪಲ್ ನೆಗೆಟಿವ್ ಎಂಬ ವೇಗವಾಗಿ ಬೆಳೆಯುವ ಬಗೆಯ ಗಡ್ಡೆ ಮೂರು ತಿಂಗಳಲ್ಲಿ ಕಂಕುಳಿನ ಗ್ರಂಥಿಗಳಿಗೆ ಹೋಗಿರಬಹುದು. ಕಂಕುಳಿಗೆ ಹೋದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಅಮೆರಿಕದ ಲೆಕ್ಕದಲ್ಲಿ, ಈ ಹಂತದಲ್ಲಿ ಪತ್ತೆಯಾದವರಲ್ಲೂ ಐದು ವರ್ಷದ ನಂತರ ಬದುಕಿರುವವರು ನೂರಕ್ಕೆ 85ಕ್ಕಿಂತ ಹೆಚ್ಚು. ದೂರದ ಅಂಗಗಳಿಗೆ ಹರಡಿದ್ದರೆ ಮಾತು ಬೇರೆ. ಅಲ್ಲಿ ರೋಗವನ್ನು ಹಿಡಿತದಲ್ಲಿಡುವುದು ಗುರಿಯಾಗುತ್ತದೆ, ಪೂರ್ತಿ ಗುಣವಲ್ಲ. ಆ ಸತ್ಯವನ್ನು ಮುಚ್ಚಿಡಬಾರದು.

ಇನ್ನೊಂದು ವಿಷಯವನ್ನು ನಾವು ವೈದ್ಯರು ಮರೆತುಬಿಡುತ್ತೇವೆ. ಆಯುಷ್ಯ ಕಡಿಮೆಯಾಗದಿದ್ದರೂ ನಷ್ಟ ಆಗಿರಬಹುದು. ಸಣ್ಣ ಆಪರೇಷನ್‌ನಲ್ಲಿ ಮುಗಿಯಬೇಕಿದ್ದದ್ದು ಸ್ತನ ತೆಗೆಯುವ ತನಕ ಬಂದಿರಬಹುದು. ಬೇಡವಾಗಿದ್ದ ಕಿಮೊ ಬೇಕಾಗಿರಬಹುದು. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದಿದ್ದಕ್ಕೆ ಕೈ ಊದಿಕೊಳ್ಳುತ್ತಿರಬಹುದು. ಇದು ನಿಜವಾದ ನಷ್ಟ. "ಜೀವ ಉಳಿದಿದೆಯಲ್ಲ" ಎಂಬ ಮಾತಿನಿಂದ ಅದು ಅಳಿಸಿ ಹೋಗುವುದಿಲ್ಲ.

ಒಬ್ಬರು ಪ್ಲಾಸ್ಟಿಕ್ ಫೈಲು ಹಿಡಿದು ಬಂದಿದ್ದರು. ಹಳೆಯ ಮ್ಯಾಮೊಗ್ರಾಂ ರಿಪೋರ್ಟಿನ ಕೊನೆಯ ಸಾಲಿನ ಕೆಳಗೆ ಬಾಲ್ ಪೆನ್ನಿನಿಂದ ಗೆರೆ ಎಳೆದಿದ್ದರು. ಎಷ್ಟು ಒತ್ತಿ ಎಳೆದಿದ್ದರೆಂದರೆ ಕಾಗದ ಹರಿದಿತ್ತು. ಬೈರಾಡ್ಸ್ 3, ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಿ ಅಂತ ಅಲ್ಲಿತ್ತು. ಬೈರಾಡ್ಸ್ ಎನ್ನುವುದು ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ ಕೊಡುವ ಶ್ರೇಣಿ; 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ, ಆದರೂ ಕಣ್ಣಿಟ್ಟಿರಬೇಕು ಎಂದರ್ಥ. "ಈ ಸಾಲನ್ನು ನನಗೆ ಯಾರೂ ಓದಿ ಹೇಳಲಿಲ್ಲ ಮೇಡಂ. ಏನೂ ಇಲ್ಲ ಅಂದರು, ನಂಬಿ ಮನೆಗೆ ಹೋದೆ" ಎಂದರು. ಅವರು ಮತ್ತೆ ಪರೀಕ್ಷೆಗೆ ಹೋದದ್ದು ಒಂದು ವರ್ಷದ ಮೇಲೆ, ಗಂಟು ಕೈಗೆ ಸಿಕ್ಕಾಗ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದು ನೋಡಿದೆವು. ಆಗ ಸಿಕ್ಕಿದ್ದರೆ ಆಪರೇಷನ್ ಚಿಕ್ಕದಾಗುತ್ತಿತ್ತು, ಕಂಕುಳು ಶುಭ್ರವಾಗಿ ಇದ್ದಿರಬಹುದು ಅಂತ ಹೇಳಿದೆ. ಗಡ್ಡೆ ಹರ್-2 ಪಾಸಿಟಿವ್ (ಹರ್-2 ಎಂಬ ಪ್ರೊಟೀನ್ ಜಾಸ್ತಿ ಇರುವ ಬಗೆ) ಆಗಿದ್ದರಿಂದ ಕಿಮೊ, ಆ ಪ್ರೊಟೀನನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧ ಬಹುಶಃ ಆಗಲೂ ಬೇಕಾಗುತ್ತಿತ್ತು ಎಂದೂ ಹೇಳಿದೆ. ಈಗಲೂ ಪೂರ್ತಿ ಗುಣ ಮಾಡುವುದೇ ನಮ್ಮ ಗುರಿ ಎಂದೆ. ಅವರು ಅಳಲಿಲ್ಲ. "ಇದಿಷ್ಟನ್ನೂ ಒಂದು ಕಾಗದದಲ್ಲಿ ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಮುಂದಿನ ವಾರ ಕಿಮೊ ಶುರುವಾಯಿತು.

ನೀವೂ ಹೀಗೆ ಕೇಳಿ. ಆಗ ಗಡ್ಡೆ ಎಷ್ಟಿತ್ತು, ಈಗ ಎಷ್ಟಿದೆ, ಆಗ ಯಾವ ಚಿಕಿತ್ಸೆ ಕೊಡುತ್ತಿದ್ದಿರಿ, ಈಗ ಯಾವುದು. ಖಚಿತವಾಗಿ ಹೇಳಲಾಗದ ಕಡೆ "ಗೊತ್ತಿಲ್ಲ" ಎನ್ನುವ ವೈದ್ಯರನ್ನು ಜಾಸ್ತಿ ನಂಬಿ.

ಎರಡನೆಯ ಪ್ರಶ್ನೆಗೆ ಬೇಕಾದದ್ದು ದಾಖಲೆ. ರಿಪೋರ್ಟಿನ ಕಾಗದ ಒಂದೇ ಸಾಲದು, ಮೂಲ ಚಿತ್ರಗಳಿರುವ ಸಿಡಿ ಪಡೆದುಕೊಳ್ಳಿ. ಬಯಾಪ್ಸಿ ಆಗಿದ್ದರೆ ಆ ತುಣುಕನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಬ್ಲಾಕ್, ಸ್ಲೈಡ್ ಎರಡನ್ನೂ ತುಣುಕು ಪರೀಕ್ಷಿಸುವ ಬೇರೆ ಪೆಥಾಲಜಿಸ್ಟ್‌ಗೆ ತೋರಿಸಬಹುದು. ಯಾವ ದಿನ ಯಾರನ್ನು ಕಂಡಿರಿ, ಏನು ಹೇಳಿದರು ಎನ್ನುವುದನ್ನು ನೆನಪು ಹಸಿಯಾಗಿರುವಾಗಲೇ ತಾರೀಖಿನ ಪ್ರಕಾರ ಬರೆದಿಡಿ. ಒಮ್ಮೆ ಬರೆದರೆ ಸಾಕು. ಬರೆದಿಟ್ಟ ಮೇಲೆ ರಾತ್ರಿಯಿಡೀ ಅದನ್ನು ತಲೆಯಲ್ಲಿ ಹೊರುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ ಎನ್ನುವವರು ಬಹಳ ಜನ.

ಹಳೆಯ ಚಿತ್ರವನ್ನು ಈಗ ನೋಡಿದರೆ "ಇಲ್ಲೇ ಕಾಣ್ತಾ ಇದೆಯಲ್ಲ!" ಅನಿಸುತ್ತದೆ. ಎಲ್ಲಿದೆ ಅಂತ ಗೊತ್ತಾದ ಮೇಲೆ ಯಾರ ಕಣ್ಣಿಗೂ ಕಾಣುತ್ತದೆ. ಮನಃಶಾಸ್ತ್ರಜ್ಞ ಬರೂಕ್ ಫಿಷ್‌ಹಾಫ್ 1975ರಲ್ಲೇ ತೋರಿಸಿಕೊಟ್ಟ ಹಾಗೆ, ಫಲಿತಾಂಶ ತಿಳಿದ ಮೇಲೆ ಅದು ಮೊದಲೇ ಸ್ಪಷ್ಟವಾಗಿತ್ತು ಅಂತ ನಮಗೆಲ್ಲ ಅನಿಸುತ್ತದೆ. ಅದಕ್ಕೇ ನ್ಯಾಯವಾದ ಪರಿಶೀಲನೆ ಅಂದರೆ, ಆ ಚಿತ್ರವನ್ನು ಬೇರೆ ಚಿತ್ರಗಳ ಜೊತೆ ಸೇರಿಸಿ, ಕಥೆ ಗೊತ್ತಿಲ್ಲದ ರೇಡಿಯಾಲಜಿಸ್ಟ್‌ಗೆ ಕೊಡುವುದು. ಅವರಿಗೂ ಕಂಡರೆ ಲೋಪ ಇದೆ. ಕಾಣದಿದ್ದರೆ ಅದು ಪರೀಕ್ಷೆಯ ಮಿತಿ. ಲೋಪ ಇದೆ ಎಂದಾದರೆ ಆಸ್ಪತ್ರೆಯಿಂದ ಬರವಣಿಗೆಯಲ್ಲಿ ವಿವರಣೆ ಕೇಳಿ, ಬೇಕಿದ್ದರೆ ವಕೀಲರನ್ನು ಕಾಣಿ. ದೂರಿಗೆ ಕಾಲಮಿತಿ ಇರುತ್ತದೆ, ಅದನ್ನು ಬೇಗ ತಿಳಿದುಕೊಳ್ಳಿ. ಆದರೆ ಇದು ಇತ್ಯರ್ಥವಾಗಲಿ ಅಂತ ಒಂದು ವಾರವೂ ಚಿಕಿತ್ಸೆ ಮುಂದೂಡಬೇಡಿ. ಮೊದಲು ನೋಡಿದವರ ಮೇಲೆ ನಂಬಿಕೆ ಹೋಗಿದ್ದರೆ ಬೇರೆ ಕಡೆ ಹೋಗಿ. ಅದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ಕೆಲವರ ಬೆರಳು ತಮ್ಮ ಕಡೆಗೇ ತಿರುಗಿರುತ್ತದೆ. ಗಂಟು ಕಂಡಿತ್ತು, ಭಯವಾಯಿತು, ನಾಚಿಕೆಯಾಯಿತು, ಮನೆಯಲ್ಲಿ ಮಗುವಿಗೆ ಹುಷಾರಿರಲಿಲ್ಲ, ನೋವಿಲ್ಲವಲ್ಲ ಅಂತ ಸುಮ್ನೆ ಇದ್ದೆ. ನೋವಿಲ್ಲದ ಗಂಟು ಅಪಾಯವಲ್ಲ ಅಂದುಕೊಳ್ಳುವುದು ಸಹಜ. ಶುರುವಿನಲ್ಲಿ ಹೆಚ್ಚಿನ ಸ್ತನ ಕ್ಯಾನ್ಸರ್‌ಗಳು ನೋಯುವುದಿಲ್ಲ ಅಂತ ಅವರಿಗೆ ಹೇಳಿದವರು ಯಾರು? ಆ ದಿನ ಗೊತ್ತಿದ್ದ ಸಂಗತಿಯಿಂದ ಆ ದಿನದ ನಿರ್ಧಾರವನ್ನು ಅಳೆಯಿರಿ, ಇಂದು ಗೊತ್ತಿರುವುದರಿಂದ ಅಲ್ಲ.

ಮನೆಯವರಿಗೆ ಒಂದು ಮಾತು. "ಟೆನ್ಷನ್ ಮಾಡ್ಕೊಂಡರೆ ಕಾಯಿಲೆ ಜಾಸ್ತಿ ಆಗುತ್ತೆ" ಅಂತ ದಯವಿಟ್ಟು ಹೇಳಬೇಡಿ. ಅತ್ತರೆ, ಸಿಟ್ಟಾದರೆ ಗಡ್ಡೆ ಬೆಳೆಯುತ್ತದೆ ಎನ್ನುವುದಕ್ಕೆ ನಂಬುವಂಥ ಆಧಾರವಿಲ್ಲ. ಆ ಮಾತು ಕೇಳಿದವರು ಸಿಟ್ಟಿನ ಮೇಲೆ ಹೆದರಿಕೆಯನ್ನೂ ಹೊರುತ್ತಾರೆ. ಅದರ ಬದಲು ಫೈಲು ಜೋಡಿಸಿಕೊಡಿ, ಆಸ್ಪತ್ರೆಗೆ ಫೋನ್ ಮಾಡುವ ಕೆಲಸ ನೀವು ವಹಿಸಿಕೊಳ್ಳಿ.

ಮಾತಾಡಿ, ಬರೆದೂ ಹಗುರಾಗದಿದ್ದರೆ? ಕ್ಯಾನ್ಸರ್ ವಿಭಾಗಗಳಲ್ಲಿ ಒಂದು ಸರಳ ಅಳತೆ ಬಳಸುತ್ತಾರೆ. ಕಳೆದ ವಾರದ ಸಂಕಟಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು. ನಿದ್ದೆ ಇಲ್ಲ, ಆಸ್ಪತ್ರೆಯ ವಾಸನೆಗೇ ಎದೆ ಹೊಡೆದುಕೊಳ್ಳುತ್ತದೆ, ಬದುಕೇ ಬೇಡ ಅನಿಸುತ್ತದೆ ಎಂದರೆ ಅಂಕಕ್ಕೂ ಕಾಯಬೇಡಿ, ಅವತ್ತೇ ಹೋಗಿ.

ಚಿಕಿತ್ಸೆ ಮುಗಿದ ಮೇಲಿನ ತಪಾಸಣೆಗಳು ಇಂಥವರಿಗೆ ಬೇರೆಯವರಿಗಿಂತ ಕಷ್ಟ. ಒಮ್ಮೆ "ನಾರ್ಮಲ್" ಎಂಬ ಮಾತು ಸುಳ್ಳಾಗಿದೆ, ಮತ್ತೆ ಅದೇ ಮಾತನ್ನು ನಂಬುವುದು ಹೇಗೆ? ನನ್ನ ರೋಗಿಗಳೊಂದಿಗೆ ನಾನು ಇದನ್ನು ಮೊದಲೇ ಮಾತಾಡಿಕೊಳ್ಳುತ್ತೇನೆ. ರಿಪೋರ್ಟ್ ಯಾವ ದಿನ ಬರುತ್ತದೆ, ಯಾರು ಫೋನ್ ಮಾಡುತ್ತಾರೆ, ಆ ದಿನ ಫೋನ್ ಬರದಿದ್ದರೆ ಯಾವ ನಂಬರಿಗೆ ಕರೆ ಮಾಡಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಹೊಸ ಚಿತ್ರವನ್ನು ಹಳೆಯದರ ಜೊತೆ ಇಟ್ಟು ಅವರ ಎದುರಿಗೇ ನೋಡುತ್ತೇನೆ. ಸ್ತನ ಡೆನ್ಸ್ ಆಗಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸೇರಿಸಬೇಕೇ ಎಂದು ಅವರೂ ಕೇಳುತ್ತಾರೆ, ಕೇಳಲೇಬೇಕು. ನಿಮ್ಮ ವೈದ್ಯರು ತಾವಾಗಿ ಇದನ್ನು ಮಾಡದಿದ್ದರೆ, "ನನಗೆ ಹಿಂದೆ ಒಮ್ಮೆ ಹೀಗಾಗಿದೆ, ರಿಪೋರ್ಟನ್ನು ಸಾಲು ಸಾಲಾಗಿ ಓದಿ ಹೇಳಿ" ಅಂತ ನೇರವಾಗಿ ಕೇಳಿ. ಅದಕ್ಕೆ ಹತ್ತು ನಿಮಿಷ ಹಿಡಿದರೆ ಹಿಡಿಯಲಿ.