‘ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ’

ನಿವಾಸಿಗಳ ಸಂಘಗಳಿಗೆ ಸಂವಹನ ತರಬೇತಿ ನೀಡುವ ನನ್ನ ಕೆಲಸದಲ್ಲಿ ಮೊದಲು ತಿದ್ದುವುದು ‘ನಾಳೆ’ ಎಂಬ ಪದವನ್ನು. ಕೆರೆ ಒತ್ತುವರಿಯನ್ನು ವಿರೋಧಿಸಿ ಬಡಾವಣೆಯೊಂದರವರು ‘ನಾಳೆ ಬೆಳಿಗ್ಗೆ ಎಂಟಕ್ಕೆ ಏರಿಯ ಮೇಲೆ ಸೇರೋಣ’ ಎಂದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದರು. ದಿನಾಂಕವಿಲ್ಲದ ಆ ಸಂದೇಶ ಗುಂಪಿನಿಂದ ಗುಂಪಿಗೆ ದಾಟುತ್ತ ಹೋಗಿ, ಪ್ರತಿಭಟನೆ ಮುಗಿದ ಮೂರನೆಯ ದಿನವೂ ಇಬ್ಬರು ಹಿರಿಯರು ಫಲಕ ಹಿಡಿದು ಅಲ್ಲಿ ಕಾಯುತ್ತಿದ್ದರು.

ಸಾಮಾಜಿಕ ಜಾಲತಾಣವು ಹೋರಾಟಕ್ಕೆ ಎಷ್ಟು ಒದಗುತ್ತದೆ ಎಂಬುದನ್ನು ತಿಳಿಯಲು 2016ರ ಬೆಂಗಳೂರನ್ನು ನೋಡಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ, ಅದಕ್ಕಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯುವ ಯೋಜನೆಯ ವಿರುದ್ಧ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗ್ ಹರಿದಾಡಿತು. ಅದರ ಬಾಲದಲ್ಲಿದ್ದ ‘ಬೇಡ’, ಹೊರಗಿನಿಂದ ಬಂದವರೂ ತರಕಾರಿ ಗಾಡಿಯ ಮುಂದೆ ಮೊದಲು ಕಲಿಯುವ ಕನ್ನಡ. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಮಾನವ ಸರಪಳಿ ರಚಿಸಿದರು. ಇಂಥ ಸರಪಳಿಯ ಸುದ್ದಿಯನ್ನು ಟ್ವಿಟರ್ (ಈಗಿನ ಎಕ್ಸ್) ಊರಿಗೆಲ್ಲ ಮುಟ್ಟಿಸಬಹುದು. ಆದರೆ ಯಾರು ಎಲ್ಲಿ ನಿಲ್ಲಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದು ತೀರ್ಮಾನವಾಗುವುದು ಮುಖಪರಿಚಯವಿರುವವರ ಸಣ್ಣ ಗುಂಪುಗಳಲ್ಲಿಯೇ. ಆ ತಿಂಗಳ ಕೊನೆಗೆ ಹಸಿರು ನ್ಯಾಯಮಂಡಳಿಯ ತಡೆ ಬಂತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಡತ ಹೊಂದಿಸಿ ಅರ್ಜಿ ಹಾಕಿದವರ ದುಡಿಮೆ ಯಾವ ಟ್ರೆಂಡಿಂಗ್ ಪಟ್ಟಿಯಲ್ಲಿಯೂ ಕಾಣುವಂಥದ್ದಲ್ಲ.

2016ರದೇ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಸುತ್ತ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ, ಹೆಸರು ಹೇಳಬಹುದಾದ ನಾಯಕರಿಲ್ಲದೆ ಅವರು ಹೊರಬಂದರು, ಮರುದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಒಂದೇ ಗೇಟು, ಒಂದೇ ಪಾಳಿ ಇರುವವರಿಗೆ ಸೇರುವ ಜಾಗವನ್ನೂ ಹೊತ್ತನ್ನೂ ಯಾರೂ ಹೇಳಬೇಕಿಲ್ಲ. ಪಕ್ಕದ ಮನೆಯವರ ಹೆಸರೇ ತಿಳಿಯದ ಅಪಾರ್ಟ್‌ಮೆಂಟ್ ವಾಸಿಗಳಿಗೆ ಅದನ್ನು ಮೊಬೈಲ್ ಹೇಳಬೇಕಾಗುತ್ತದೆ. ಆದರೆ ಎರಡನೆಯ ದಿನ ಬಸ್ಸುಗಳಿಗೆ ಬೆಂಕಿ ಬಿದ್ದಾಗ, ‘ಸಾಕು, ಮನೆಗೆ ಹೋಗೋಣ’ ಎಂಬ ಮಾತನ್ನು ಅಷ್ಟೊಂದು ಜನಕ್ಕೆ ಮುಟ್ಟಿಸುವ ದಾರಿ ಆ ಹೆಣ್ಣುಮಕ್ಕಳ ಕೈಯಲ್ಲಿರಲಿಲ್ಲ.

ಆದ್ದರಿಂದಲೇ ತರಬೇತಿಯಲ್ಲಿ ಸೇರುವ ಸಂದೇಶದ ಜೊತೆಗೆ ಚದುರುವ ಸಂದೇಶವನ್ನೂ ಮೊದಲೇ ಬರೆಸಿಡುತ್ತೇನೆ. ಎರಡರಲ್ಲಿಯೂ ದಿನಾಂಕ ಇರಬೇಕು.