ಪದ ಪರಿಚಯ: ಸಹಾಯಾರ್ಥ ಮಾರಾಟದ ಕಮಿಷನ್

ತುಮಕೂರು ಸೀಮೆಯವರಿಗೆ ‘ಸಹಾಯಾರ್ಥ’ ಅನ್ನುವ ಮಾತಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಶಾಲೆಯ ಕಟ್ಟಡಕ್ಕೋ ಗುಡಿಯ ಗೋಪುರಕ್ಕೋ ಸಹಾಯಾರ್ಥವಾಗಿ ಕುರುಕ್ಷೇತ್ರ ನಾಟಕ ಅನ್ನುವ ಕರಪತ್ರ ಕಾಣದೆ ಬೆಳೆದವರು ಇಲ್ಲಿ ಕಡಿಮೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ಇದು. ಟಿಕೆಟ್ ಕೊಂಡವರಿಗೆ ದುಡ್ಡೆಲ್ಲ ಶಾಲೆಗೇ ಹೋಯಿತು ಅನ್ನುವ ಸಮಾಧಾನ. ಸೀನರಿಯವರ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಮೈಕ್‌ಸೆಟ್ಟು ಎಲ್ಲ ಕಳೆದು ಮಿಕ್ಕಿದ್ದು ಶಾಲೆಗೆ ಅಂತ ಸಂಘದವರಿಗೆ ಮಾತ್ರ ಗೊತ್ತು. ಏನೇನು ಕಳೆದ ಮೇಲೆ ಮಿಕ್ಕಿದ್ದು? ನಮ್ಮ ಪದದ ಗಂಟು ಇರುವುದೂ ಅಲ್ಲೇ.

ಅಂಗಡಿಯ ಹಂಗಿಲ್ಲದೆ ಮನೆಮನೆಯಲ್ಲಿ, ಪರಿಚಯದವರ ನಡುವೆ ಸಾಮಾನು ಮಾರುವುದು ನೇರ ಮಾರಾಟ. ಟಪ್ಪರ್‌ವೇರ್ ಕಂಪನಿ 1951ರಲ್ಲಿ ಅಮೆರಿಕದ ಅಂಗಡಿಗಳಿಂದ ತನ್ನ ಡಬ್ಬಿಗಳನ್ನು ಹಿಂದಕ್ಕೆ ತೆಗೆದುಕೊಂಡು ಮನೆ ಪಾರ್ಟಿಗಳಿಗೇ ಮೀಸಲಿಟ್ಟ ಮೇಲೆ ಈ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು. ಶಾಲೆಯ ಬ್ಯಾಂಡಿಗೋ ಆಟದ ತಂಡಕ್ಕೋ ದುಡ್ಡು ಕೂಡಿಸಲು ಇಂಥ ಕಂಪನಿಗಳ ಕ್ಯಾಟಲಾಗ್ ಹಿಡಿದು ಆರ್ಡರ್ ಎತ್ತುವ ರೂಢಿ ಅಲ್ಲಿ ಹಳೆಯದು. ಅದನ್ನು ಫಂಡ್‌ರೈಸರ್ ಅನ್ನುತ್ತಾರೆ. ಹಾಗೆ ಮಾರಿದ್ದರಲ್ಲಿ ಒಂದು ಪಾಲು ಸಂಸ್ಥೆಗೆ, ಇನ್ನೊಂದು ಮಾರಿದವರಿಗೆ. ಆ ಎರಡನೆಯ ಪಾಲೇ ಸಹಾಯಾರ್ಥ ಮಾರಾಟದ ಕಮಿಷನ್.

ಡಿಪಿಗೆ, ಅಂದರೆ ಕಂಪನಿ ಮಾರುವವರಿಗೆ ಹಾಕುವ ಬೆಲೆಗೆ, ತಂದು ಎಂಆರ್‌ಪಿಗೆ ಮಾರಿದಾಗ ಉಳಿಯುವ ಅಂತರವನ್ನೂ ನಮ್ಮ ಕಡೆ ಕಮಿಷನ್ ಅಂತಲೇ ಕರೆಯುತ್ತಾರೆ. ಅದು ಬರೀ ವ್ಯಾಪಾರದ ಲಾಭ. ಕಂಪನಿ ಲೆಕ್ಕ ಹಾಕಿ ಖಾತೆಗೆ ಕಳಿಸುವುದು ಮಾತ್ರ ಕಮಿಷನ್. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಮುಂದಿನ ಲೆಕ್ಕ ಒಂದೂ ತಾಳೆಯಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡೇ. ತುಮಕೂರಿನ ಒಂದು ಶಾಲೆಗೆ ಬೆಂಚು ಮಾಡಿಸಲು ಅಡುಗೆಮನೆ ಡಬ್ಬಿಗಳ ಸಹಾಯಾರ್ಥ ಮಾರಾಟ ಇಟ್ಟುಕೊಂಡಿದ್ದೆವು. ತೆರಿಗೆ ಸೇರಿ 59,000 ರೂಪಾಯಿ ಆರ್ಡರ್ ಬಂತು. ಶಾಲೆಗೆ 20 ಪರ್ಸೆಂಟ್, ನನಗೆ 10 ಪರ್ಸೆಂಟ್ ಅಂತ ಬಾಯಿಮಾತಿನಲ್ಲಿ ಆಗಿತ್ತು. ಭಾನುವಾರ ಶಾಲೆಯ ಜಗಲಿಯಲ್ಲಿ ಕೂತು ಡಬ್ಬಿ ಯಾವುದು ಮುಚ್ಚಳ ಯಾವುದು ಅಂತ ವಿಂಗಡಿಸುವಾಗ ಹೆಡ್‌ಮಿಸ್ಸು ಬಂದು, “ನಿಮಗೆ ಐದು ಸಾವಿರದ ಒಂಬೈನೂರು ಬರುತ್ತೆ ಅಲ್ವೇನ್ರೀ, ಪರವಾಗಿಲ್ಲ ಬಿಡಿ” ಅಂದರು. ನಾನು, “ಇಲ್ಲ ಮಿಸ್, ಜಿಎಸ್‌ಟಿ ತೆಗೆದು ಐದು ಸಾವಿರ” ಅಂದೆ. ತಿಂಗಳಾದ ಮೇಲೆ ಕಂಪನಿ ಹಾಕಿದ್ದು ನಾಲ್ಕು ಸಾವಿರ.

ಮೂವರ ಗುಣಾಕಾರವೂ ಸರಿಯಾಗಿಯೇ ಇತ್ತು. ಹೆಡ್‌ಮಿಸ್ಸು ಬಿಲ್ಲಿನ ಒಟ್ಟು ಮೊತ್ತದ ಮೇಲೆ ಹತ್ತು ಪರ್ಸೆಂಟ್ ಹಿಡಿದಿದ್ದರು. ನಾನು 18 ಪರ್ಸೆಂಟ್ ಜಿಎಸ್‌ಟಿ ಬಿಡಿಸಿ 50,000ದ ಮೇಲೆ ಹಿಡಿದಿದ್ದೆ. ಕಂಪನಿ ಅದರಿಂದ ಶಾಲೆಯ ಪಾಲು 10,000ವನ್ನೂ ಕಳೆದು ಉಳಿದ 40,000ದ ಮೇಲೆ ಹಿಡಿದಿತ್ತು. ‘ಎಷ್ಟು ಪರ್ಸೆಂಟ್’ ಅಂತ ಕೇಳುವ ಮೊದಲು ‘ಯಾವುದರ ಮೇಲೆ’ ಅಂತ ಕೇಳಬೇಕಿತ್ತು. ಮೊದಲು ಯಾರ ಪಾಲು ತೆಗೆಯುತ್ತಾರೆ ಅನ್ನುವುದೂ ಆಗ ತಾನಾಗಿ ಹೊರಬರುತ್ತಿತ್ತು.

ಇನ್ನೊಂದು ಲೆಕ್ಕ ಹೊಳೆದದ್ದು ತಡವಾಗಿ. ಇದೇ 50,000ವನ್ನು ಮಾಮೂಲಿಯಾಗಿ ಮಾರಿದ್ದರೆ ನನ್ನ ದರ 25 ಪರ್ಸೆಂಟ್, ಅಂದರೆ 12,500. ನನಗೆ ಹೇಳಿದ್ದ ಐದು ಸಾವಿರವೇ ಬಂದಿದ್ದರೂ ಶಾಲೆಗೆ ಹೋದ ಹತ್ತು ಸಾವಿರದಲ್ಲಿ ಏಳೂವರೆ ಸಾವಿರ ನಾನು ಬಿಟ್ಟುಕೊಟ್ಟ ಕಮಿಷನ್ನು, ಎರಡೂವರೆ ಸಾವಿರ ಕಂಪನಿಯದು. ಬಂದದ್ದು ನಾಲ್ಕೇ ಸಾವಿರ, ಹಾಗಾಗಿ ನನ್ನದು ಎಂಟೂವರೆ, ಕಂಪನಿಯದು ಒಂದೂವರೆ. ಚೆಕ್ಕಿನ ಮೇಲೆ ಮಾತ್ರ ಕಂಪನಿಯ ಹೆಸರು. ಅತ್ತೆಯ ಧನ ಅಳಿಯ ದಾನ ಮಾಡಿದ ಅನ್ನುವ ಗಾದೆಯಲ್ಲಿ ಅತ್ತೆ ಸ್ಥಾನದಲ್ಲಿ ಕೂತವಳು ನಾನು! ಹಾಗಂತ ಈ ಪದ್ಧತಿಯೇ ಮೋಸ ಅನ್ನಲಾರೆ. ಅಷ್ಟು ವ್ಯಾಪಾರಕ್ಕೆ ನಾನು ಒಬ್ಬಳೇ ಆಟೋದಲ್ಲಿ ತಿರುಗಿದ್ದರೆ ತಿಂಗಳುಗಟ್ಟಲೆ ಬೇಕಿತ್ತು. ಪೋಷಕರಲ್ಲಿ ಕೆಲವರು ಈಗಲೂ ನನ್ನ ಗಿರಾಕಿಗಳು.

ಯಾರಿಗೆ ಎಷ್ಟು ಅಂತ ಬರೆದಿಟ್ಟ ಕಂಪನಿ ಪ್ಲಾನಿನಲ್ಲಿ ಸಹಾಯಾರ್ಥಕ್ಕೆ ಬೇರೆ ದರ ಇರದಿದ್ದರೆ ಜನ ಇನ್ನೊಂದು ದಾರಿ ಹಿಡಿಯುತ್ತಾರೆ. ಮಾಮೂಲಿ ದರದಲ್ಲಿ ಮಾರಿ, ಪೂರ್ತಿ ಕಮಿಷನ್ ತೆಗೆದುಕೊಂಡು, ತಾವೇ ಶಾಲೆಗೆ ಕೊಡುವುದು. ಇದರಲ್ಲಿ ಮಾರಾಟಕ್ಕೆ ತಕ್ಕಂತೆ ಕಂಪನಿ ಲೆಕ್ಕ ಇಡುವ ಪಾಯಿಂಟುಗಳು ಪೂರ್ತಿ ಸಿಗುತ್ತವೆ. ಆದರೆ ಆ 12,500 ಮೊದಲು ನಿಮ್ಮ ಆದಾಯ, ಆಮೇಲೆ ನಿಮ್ಮ ದಾನ. ವರ್ಷದ ಕಮಿಷನ್ 20,000 ದಾಟಿದರೆ ಕಂಪನಿ 2 ಪರ್ಸೆಂಟ್ ಟಿಡಿಎಸ್, ಅಂದರೆ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ, ಮುರಿದುಕೊಳ್ಳುತ್ತದೆ. ಏಪ್ರಿಲ್ 2025ಕ್ಕೆ ಮುಂಚೆ ಈ ಮಿತಿ 15,000 ಇತ್ತು. ಪ್ಯಾನ್ ಕೊಡದವರಿಗೆ 20 ಪರ್ಸೆಂಟ್ ಕತ್ತರಿ. ಕೊಟ್ಟ ದಾನಕ್ಕೆ 80ಜಿ ಅನ್ನುವ ತೆರಿಗೆ ವಿನಾಯಿತಿ ಬೇಕಾದರೆ ಆ ಸಂಸ್ಥೆಗೆ 80ಜಿ ನೋಂದಣಿ ಇರಬೇಕು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, 2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟಿರಬಾರದು. ಡಬ್ಬಿ ಕೊಂಡವರು “ನಮಗೂ 80ಜಿ ರಸೀತಿ ಕೊಡಿ” ಅಂತ ಕೇಳುವುದುಂಟು. ಅವರು ಕೊಂಡದ್ದು ಸಾಮಾನು, ಕೊಟ್ಟದ್ದು ಬೆಲೆ. ಅದು ದಾನದ ಲೆಕ್ಕಕ್ಕೆ ಬರುವುದಿಲ್ಲ.

“ಅಕ್ಕಾ, ಡಬ್ಬಿಗೆ ಐವತ್ತು ರೂಪಾಯಿ ಜಾಸ್ತಿ ಹಾಕಿ, ಅದನ್ನೇ ಶಾಲೆಗೆ ಕೊಟ್ಟುಬಿಡಿ” ಅಂತ ಪೋಷಕರೊಬ್ಬರು ಉಪಾಯ ಹೇಳಿದ್ದರು. ಮೇಲೆ ಎಂಆರ್‌ಪಿ ಅಚ್ಚಾಗಿರುವಾಗ ಅದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಉದ್ದೇಶ ಒಳ್ಳೆಯದು ಅಂದ ಮಾತ್ರಕ್ಕೆ ಆ ನಿಯಮ ಸಡಿಲವಾಗುವುದಿಲ್ಲ.

ಪಾಯಿಂಟುಗಳ ವಿಷಯ ಅಷ್ಟಾಗಿ ಯಾರೂ ಬಾಯಿಬಿಡುವುದಿಲ್ಲ. ನೀವು ಮಾರಿದ್ದರ ಮೇಲೆ ನಿಮ್ಮನ್ನು ಸೇರಿಸಿದ ಅಪ್‌ಲೈನಿಗೂ ಒಂದು ಪಾಲು ಇರುತ್ತದೆ, ಅದು ನಿಮ್ಮ ಪಾಯಿಂಟಿನ ಮೇಲೆ ನಿಂತಿರುತ್ತದೆ. ಸಹಾಯಾರ್ಥ ಮಾರಾಟಕ್ಕೆ ಅರ್ಧ ಪಾಯಿಂಟ್ ಮಾತ್ರ ಕೊಡುವ ಪ್ಲಾನುಗಳಿವೆ. ಅಂಥ ಕಡೆ ನಿಮ್ಮ ಸಹಾಯಾರ್ಥ ಮಾರಾಟಕ್ಕೆ ಕೈಜೋಡಿಸಲು ಅಪ್‌ಲೈನಿಗೆ ದಿಢೀರನೆ ಬಿಡುವು ಸಿಗದೆ ಹೋದರೆ ಆಶ್ಚರ್ಯವಿಲ್ಲ. ಸಾವಿರಗಟ್ಟಲೆ ಮಾರಿಯೂ ಆ ತಿಂಗಳ ಸ್ಲ್ಯಾಬ್, ಅಂದರೆ ಪಾಯಿಂಟಿನ ಹಂತ, ತಲುಪದೆ ಉಳಿಯುವುದೂ ಇದರಿಂದಲೇ. ಬರೆದ ಪ್ಲಾನ್ ಓದದೆ ಒಪ್ಪಿಕೊಳ್ಳಬೇಡಿ. ನೇರ ಮಾರಾಟಕ್ಕೆ 2021ರ ಡಿಸೆಂಬರ್‌ನಲ್ಲಿ ಕೇಂದ್ರದ ನಿಯಮಗಳು ಬಂದಿವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳಿಕೊಳ್ಳದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ. ಶಾಲೆಯ ಹೆಸರು ಹೇಳಿಕೊಂಡು ಹೋದರೂ ಅಷ್ಟೇ.

ದುಡ್ಡು ಯಾರ ಖಾತೆಗೆ ಬಂತು ಅನ್ನುವುದನ್ನೂ ನೋಡಿಕೊಳ್ಳಿ. ಪೋಷಕರೆಲ್ಲ ನನ್ನ ಫೋನ್‌ಪೇ ನಂಬರಿಗೇ ಹಾಕಿದ್ದರು. ಖಾತೆ ನೋಡಿದರೆ 59,000 ನನ್ನದೇ ಸಂಪಾದನೆ ಅನ್ನುವ ಹಾಗೆ ಕಾಣುತ್ತಿತ್ತು. ಈಗ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಐದು ಕಲಂ ಗೀಟು ಹಾಕುತ್ತೇನೆ: ಪೋಷಕರ ಹೆಸರು, ಒಟ್ಟು ಬಿಲ್ಲು, ಜಿಎಸ್‌ಟಿ ಬಿಟ್ಟ ಬೆಲೆ, ಶಾಲೆಯ ಪಾಲು, ನನ್ನದು. ಶಾಲೆಗೆ ಕೊಟ್ಟದ್ದಕ್ಕೆ ಹೆಡ್‌ಮಿಸ್ ಸಹಿ.

ಆರನೆಯ ಕಲಂ ಸೇರಿದ್ದು ಒಂದು ಮುಚ್ಚಳದಿಂದ. ಮುಚ್ಚಳ ಬಿಗಿಯಾಗಿ ಕೂರುತ್ತಿಲ್ಲ ಅಂತ ಒಬ್ಬರು 1,180 ರೂಪಾಯಿಯ ಸೆಟ್ಟು ವಾಪಸ್ ಕೊಟ್ಟರು. ಕಂಪನಿ ಅವರ ದುಡ್ಡು ಹಿಂದಿರುಗಿಸಿತು, ಮುಂದಿನ ತಿಂಗಳ ನನ್ನ ಕಮಿಷನ್ನಿನಲ್ಲಿ 80 ರೂಪಾಯಿ ಮುರಿದುಕೊಂಡಿತು. ಅದು ನ್ಯಾಯವೇ. ಆದರೆ ಆ ಸೆಟ್ಟಿನ ಮೇಲೆ ಶಾಲೆಗೆ ಸೇರಿದ್ದ 200 ರೂಪಾಯಿಯನ್ನೂ ನನ್ನ ತಲೆಗೇ ಕಟ್ಟಿತು. ಅಷ್ಟರಲ್ಲಿ ಬೆಂಚು ಬಂದು ಮಕ್ಕಳು ಕೂತಾಗಿತ್ತು. ಇನ್ನೂರು ರೂಪಾಯಿ ವಾಪಸ್ ಕೊಡಿ ಅಂತ ಹೆಡ್‌ಮಿಸ್ಸಿನ ಮುಂದೆ ಹೇಗೆ ಕೇಳುವುದು? ಈಗ ವಾಪಸಾತಿಯ ಗಡುವು ಮುಗಿಯುವವರೆಗೆ ಶಾಲೆಯ ಪಾಲನ್ನು ಕೈಯಲ್ಲೇ ಇಟ್ಟುಕೊಂಡು, ಆರನೆಯ ಕಲಂನಲ್ಲಿ ತಾರೀಖು ಬರೆದಿಡುತ್ತೇನೆ.